ಅಳತೆ ಹಳೆಯದೇ

ಬುಧವಾರ ರಾತ್ರಿ ಎಂಟೂಕಾಲಿಗೆ ಕಲ್ಲು ಬಿತ್ತು.
ನಾವು ಐದು ಜನ ಹೆಂಗಸರು, ಒಂದು ಚಾಪೆ,
ಗೋಡೆಗೆ ಒರಗಿಸಿ ಕೂರಿಸಿದ ಬೆನೆಟ್,
ಪಾತ್ರೆಯಲ್ಲಿ ಆರುತ್ತಿದ್ದ ಕಷಾಯ.
ಮಾಡಿನ ಒಂದು ಹಂಚು ಹೊಲಿಗೆ ಮೆಷಿನ್ನಿನ ಮೇಲೆ
ಮೂರು ಚೂರಾಗಿ ಬಂದು ಕೂತಿತು.
ಹೊರಗೆ ಬೈಕಿನ ಸದ್ದು, ನಗು, ಮತ್ತೆ ಮಲ್ಪೆಯ ಕಡಲು.
ಅದು ಯಾರ ಪಕ್ಷವೂ ಅಲ್ಲ, ಯಾವತ್ತಿನ ಹಾಗೇ.

ಅಜ್ಜ ಕೆಲಸ ಮಾಡಿದ ಕಾರ್ಖಾನೆಯ ಹಂಚು ಅದು.
ಬೆನ್ನ ಮೇಲೆ ಅಚ್ಚೊತ್ತಿದ ಅಕ್ಷರ ಬೆರಳಿಗೆ ಈಗಲೂ ಸಿಗುತ್ತದೆ.
ಎಪ್ಪತ್ತು ಮಳೆಗಾಲ ತಡೆದಿತ್ತು;
ತಡೆಯಲಾರದ್ದು ಒಂದು ಮುಷ್ಟಿ ಕಲ್ಲು.

ಮರುದಿನ ಪೊಲೀಸರು ಬಂದರು. ಕಲ್ಲನ್ನು ಕೇಳಲಿಲ್ಲ,
ಚಾಪೆಯಲ್ಲಿ ಕೂತವರ ಹೆಸರು ಬರೆದುಕೊಂಡರು.
‘ಯಾರನ್ನೆಲ್ಲ ಸೇರಿಸ್ತಿದ್ದೀ?’
ಸ್ವಾಮೀ, ನಾನು ಸೇರಿಸುವುದು
ತೋಳಿಗೆ ಪಟ್ಟಿ, ಕಂಕುಳಿಗೆ ತುಂಡು ಬಟ್ಟೆ
ಅಂತ ಹೇಳಬೇಕಿತ್ತು. ಹೇಳಲಿಲ್ಲ. ಬಾಯಿ ಒಣಗಿತ್ತು.

ಆಮೇಲೆ ಬ್ಲೌಸು ಬರುವುದು ನಿಂತಿತು.
ಮೊದಲು ಮೇಲಿನ ಮನೆಯವರದು, ಮತ್ತೆ ಬಂದರಿನ ಕಡೆಯವರದು,
ಕೊನೆಗೆ ಪಕ್ಕದ ಗಿರಿಜಕ್ಕನದೂ.
ಮೀನಿನ ಬುಟ್ಟಿ ಇಳಿಸಿ ನಮ್ಮ ಜಗಲಿಯಲ್ಲೇ
ಎಲೆ ಅಡಿಕೆ ಹಾಕುತ್ತಿದ್ದವಳು
ಈಗ ಗೇಟಿನ ಮುಂದೆ ಕೊಡೆ ವಾಲಿಸಿ ನಡೆಯುತ್ತಾಳೆ.
ಕೈಯಲ್ಲಿದ್ದ ಒಂದು ಮದುವೆಯ ಆರ್ಡರು
ಹುಕ್ಕು ಹಚ್ಚುವ ಮೊದಲೇ ವಾಪಸು ಹೋಯಿತು.
ಬೆನೆಟ್‌ರ ಎರಡು ಹೊತ್ತಿನ ಮಾತ್ರೆ ಒಂದು ಹೊತ್ತಾಯಿತು.

ಕರ್ತನೇ, ನಿನ್ನ ಹತ್ತಿರ ಚಂದ ಮಾತಾಡಲಾರೆ.
ಕಷ್ಟವೆಂದರೆ ಪುಟಕ್ಕಿಟ್ಟ ಚಿನ್ನ ಅನ್ನುತ್ತಾರೆ ಸಭೆಯ ಅಯ್ಯನವರು.
ನನ್ನ ಚಿನ್ನ ಸೊಸೈಟಿಯಲ್ಲಿದೆ, ನಿನಗೆ ಗೊತ್ತು.
ಎಂಟು ವರ್ಷದ ಹಿಂದೆ ಐಸ್ ಪ್ಲಾಂಟಿನಲ್ಲಿ ಇವರು ಕುಸಿದ ದಿನ
ಎಲ್ಲಿದ್ದೆ ಎಂದು ಕೇಳಿದ್ದೆ. ನೀನು ಹೇಳಲಿಲ್ಲ.
ಈಗಲೂ ಕೇಳುತ್ತಿದ್ದೇನೆ. ಕೇಳುವುದಕ್ಕಾದರೂ
ನೀನು ಇರಬೇಕಲ್ಲ, ಅಷ್ಟು ಹಿಡಿದುಕೊಂಡಿದ್ದೇನೆ,
ಸೂಜಿಗೆ ಪೋಣಿಸುವಾಗ ನೂಲಿನ ತುದಿ ಹಿಡಿದ ಹಾಗೆ,
ಕಣ್ಣಿಗೆ ಕಾಣದೆ, ಬೆರಳಿಗೆ ಗೊತ್ತಾಗಿ.

ಇಷ್ಟು ಹೇಳುವಷ್ಟರಲ್ಲಿ ಬೆನೆಟ್ ‘ಆಮೆನ್’ ಎಂದರು.
ಪಾರ್ಶ್ವ ಬಡಿದ ಬಾಯಲ್ಲಿ ನೆಟ್ಟಗೆ ಉಳಿದದ್ದು ಅದೊಂದೇ ಶಬ್ದ.
ಗಂಜಿಗೂ ಆಮೆನ್, ಸೊಳ್ಳೆಗೂ ಆಮೆನ್.
‘ಮುಗಿಯಲಿಲ್ಲ ಮಾರಾಯ್ರೇ, ಇನ್ನೂ ಜಗಳದ ನಡುವೆ ಇದ್ದೇನೆ’ ಎಂದೆ.
ಓರೆ ತುಟಿಯಲ್ಲಿ ನಕ್ಕರು. ತೂತಿನಿಂದ ಇಳಿದ ಬಿಸಿಲು
ಅವರ ಏಳದ ಕೈಯ ಮೇಲೆ ಚೌಕವಾಗಿ ಕೂತಿತ್ತು.
ಸೆಕೆಗೆ ಬೆವರುವುದನ್ನು ಆ ಕೈ ಮರೆತಿರಲಿಲ್ಲ.

ಕಲ್ಲನ್ನು ಎಸೆಯಲಿಲ್ಲ. ಕತ್ತರಿಸುವ ಬಟ್ಟೆ
ಫ್ಯಾನಿನ ಗಾಳಿಗೆ ಹಾರದ ಹಾಗೆ ಮೇಲಿಡುತ್ತೇನೆ. ಒಳ್ಳೆಯ ತೂಕ.
ಎಸೆದವನ ಹೆಸರು ಗೊತ್ತಿಲ್ಲ; ಪ್ರಾರ್ಥನೆಯಲ್ಲಿ
‘ಆ ಬೈಕಿನ ಹುಡುಗ’ ಎನ್ನುತ್ತೇನೆ. ಮೊದಮೊದಲು ಹಲ್ಲು ಕಚ್ಚಿ.
ಈಗಲೂ ಕೆಲವು ದಿನ ಹಲ್ಲು ಕಚ್ಚಿಯೇ.

ಮೇ ಕೊನೆ. ಪಡುವಣ ಕಪ್ಪು ಕಟ್ಟಿತ್ತು, ದೋಣಿಗಳು ದಡಕ್ಕೇರಿದ್ದವು.
ಆ ಅಚ್ಚಿನ ಹಂಚು ಎಲ್ಲೂ ಸಿಗದೆ
ತೂತಿಗೆ ಸಿಮೆಂಟ್ ಚೀಲ ಸಿಕ್ಕಿಸಿದ್ದೆ.
ನಸುಕಿಗೆ ಬಾಗಿಲು ತೆಗೆದರೆ ಜಗಲಿಯಲ್ಲಿ ಒಂದು ಹಂಚು,
ಪಾಚಿ ಉಜ್ಜಿ ತೊಳೆದದ್ದು, ಬೆನ್ನಲ್ಲಿ ಅದೇ ಅಕ್ಷರ.
ಕೆಳಗೆ ಮೀನಿನ ವಾಸನೆಯ ಪ್ಲಾಸ್ಟಿಕ್ಕಿನಲ್ಲಿ
ಮಡಚಿಟ್ಟ ಹಸುರು ಬ್ಲೌಸ್ ಪೀಸು,
ಅದಕ್ಕೊಂದು ಚೀಟಿ, ಮೊಮ್ಮಗಳ ಕೈಬರಹ:
‘ಅಳತೆ ಹಳೆಯದೇ. ಸೊಂಟ ಅರ್ಧ ಇಂಚು ಸಡಿಲ.
ಹೊಲಿದಿಡು. ಕತ್ತಲಾದ ಮೇಲೆ ಬರ್ತೇನೆ.’

ಕತ್ತಲಾದ ಮೇಲೆ. ನಗು ಬಂತು, ಅಳುವೂ.
ಹೆದರಿಕೆ ಅವಳಿಗೂ ಹೋಗಿಲ್ಲ, ನನಗೂ.
ಬೇರೆ ಯಾರದೂ ಬರಲಿಲ್ಲ. ಇನ್ನೂ ಒಂದೇ ಬ್ಲೌಸು.

ಸ್ಟೂಲು ಹತ್ತಿ ಹಂಚನ್ನು ರೀಪಿನ ಮೇಲೆ ಇಟ್ಟೆ,
ತೋಡಿಗೆ ತೋಡು ಕಚ್ಚಿ ಕೂತಿತು.
ಬೆಳಕಿನ ಚೌಕ ಮುಚ್ಚಿತು; ಬೆನೆಟ್ ತಮ್ಮ ಕೈ ನೋಡಿಕೊಂಡರು.
ಸಂಜೆಗೆ ಮೊದಲ ಹನಿ, ಎರಡನೆಯದು,
ಆಮೇಲೆ ಎಣಿಕೆಗೆ ಸಿಗದಷ್ಟು.
ಕರ್ತನೇ, ಎಂದು ಶುರು ಮಾಡಿದೆ.
ಆಮೆನ್, ಎಂದರು ಅವರು,
ನಾನಿನ್ನೂ ಏನನ್ನೂ ಕೇಳುವ ಮೊದಲೇ.